ಮನೆಯಲ್ಲೇ ಸಾರಿನ ಪುಡಿ: ತಯಾರಿಕೆ, ರಕ್ಷಣೆ, ಬಳಕೆ

ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಊರಿನಿಂದ ಬರುವ ವಸ್ತುಗಳ ಪೈಕಿ ಸಾರಿನ ಪುಡಿಗೆ ಸಲ್ಲುವ ಮರ್ಯಾದೆ ಬೇರಾವುದಕ್ಕೂ ಸಲ್ಲುವುದಿಲ್ಲ. ರಜೆ ಮುಗಿಸಿಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವವರ ಪೆಟ್ಟಿಗೆಯಲ್ಲಿ, ಮಡಿಸಿದ ಬಟ್ಟೆಗಳ ನಡುವೆ, ಎರಡು ಮೂರು ಚೀಲಗಳಲ್ಲಿ ಸುತ್ತಿ ದಾರದಿಂದ ಬಿಗಿದ ಪುಡಿಯ ಡಬ್ಬಿಯೊಂದು ಇದ್ದೇ ಇರುತ್ತದೆ. ತಾಯಿಯೋ ಅತ್ತೆಯೋ ವರ್ಷಕ್ಕಾಗುವಷ್ಟು ಹುರಿದು, ಪುಡಿ ಮಾಡಿಸಿ ಕಳುಹಿಸಿದ ಅದರಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಬಂದ ಡಬ್ಬಿಯು ಮೇ-ಜೂನ್‌ನ 45 ಡಿಗ್ರಿಯ ಬಿಸಿಲನ್ನೂ, ಜುಲೈ-ಆಗಸ್ಟ್‌ನ ತೇವವನ್ನೂ ದಾಟಿ ದೀಪಾವಳಿಯನ್ನು ತಲುಪುವ ವೇಳೆಗೆ ಅದರಲ್ಲಿ ಖಾರ ಉಳಿದಿರುತ್ತದೆಯೇ ಹೊರತು ಸುವಾಸನೆ ಉಳಿದಿರುವುದಿಲ್ಲ. ಅದೂ ಮುಗಿದ ಮೇಲೆ ಅಂಗಡಿಯ ಪೊಟ್ಟಣ. ಆ ಪೊಟ್ಟಣದೊಳಗೆ ಏನೇನಿದೆ, ಎಷ್ಟೆಷ್ಟಿದೆ ಎಂಬುದನ್ನು ಓದಿ ನೋಡುವವರು ವಿರಳ.

ಈ ಎರಡರ ನಡುವೆ ಮೂರನೆಯ ಮಾರ್ಗವೊಂದಿದೆ. ದೆಹಲಿಯಲ್ಲಿಯೇ ದೊರೆಯುವ ಇಡೀ ಕಾಳುಗಳನ್ನು ಆರಿಸಿ ತಂದು, ಎರಡು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ, ಉಪ್ಪು ಸೇರಿಸದೆ, ಮನೆಯಲ್ಲಿ ಪುಡಿ ಮಾಡಿಕೊಳ್ಳುವುದೇ ಆ ಮಾರ್ಗ. ಇದು ಕೇವಲ ರುಚಿಯ ಪ್ರಶ್ನೆಯೆಂದು ತಿಳಿಯುವುದು ಸರಿಯಲ್ಲ. ಪ್ರತಿದಿನ, ಮನೆಯ ಪ್ರತಿಯೊಬ್ಬರ ಹೊಟ್ಟೆಗೂ, ಮಗುವಿನಿಂದ ಮುದುಕರವರೆಗೆ, ತಪ್ಪದೆ ಸೇರುವ ವಸ್ತು ಇದು. ಆದ್ದರಿಂದ ಇದರಲ್ಲಿ ಸೇರಿಹೋಗುವ ಸಣ್ಣ ದೋಷವೂ ವರ್ಷದ ಕೊನೆಗೆ ದೊಡ್ಡ ಮೊತ್ತವಾಗಿ ಬೆಳೆಯುತ್ತದೆ.

ಪುಡಿಯೆಂದರೆ ತೆರೆದ ಭಂಡಾರ

ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಇವುಗಳ ಪರಿಮಳಕ್ಕೆ ಕಾರಣ ಅವುಗಳೊಳಗಿರುವ, ಗಾಳಿಯಲ್ಲಿ ಸುಲಭವಾಗಿ ಹಾರಿಹೋಗುವ ತೈಲಗಳು. ನಿಸರ್ಗವು ಈ ತೈಲಗಳನ್ನು ಕಾಳಿನ ಸಿಪ್ಪೆಯೊಳಗೆ, ಸೂಕ್ಷ್ಮ ಕೋಶಗಳಲ್ಲಿ ಮುಚ್ಚಿಟ್ಟಿದೆ. ಇಡೀ ಕಾಳು ಒಣಗಿದ್ದರೆ ವರ್ಷವಾದರೂ ತನ್ನ ಗುಣವನ್ನು ಕಾಪಾಡಿಕೊಳ್ಳಬಲ್ಲದು. ಪುಡಿ ಮಾಡಿದ ಕ್ಷಣದಿಂದ ಆ ಕೋಶಗಳೆಲ್ಲ ಒಡೆದು ತೈಲ ಹೊರಬರುತ್ತದೆ. ಅಡಿಗೆಮನೆಯನ್ನೆಲ್ಲ ತುಂಬುವ ಘಮ್ಮೆನ್ನುವ ವಾಸನೆಯು ವಾಸ್ತವದಲ್ಲಿ ಭಂಡಾರದಿಂದ ಹೊರಗೆ ಹೋಗುತ್ತಿರುವ ಸಂಪತ್ತೇ ಆಗಿದೆ. ಒಣಮೆಣಸಿನಕಾಯಿಯ ಕೆಂಪು ಬಣ್ಣವು ಬೆಳಕು, ಶಾಖ ಮತ್ತು ಗಾಳಿಗೆ ಮಂಕಾಗುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಮಾತ್ರ ಬಹುಕಾಲ ಬಾಳುತ್ತದೆ. ಹಳೆಯ ಪುಡಿಯ ಸಾರು ಬರಿಯ ಖಾರವಾಗಿ, ಗಂಟಲನ್ನು ಕೆರೆಯುವುದು ಇದರಿಂದಲೇ. ಆಗ ಅಡಿಗೆ ಮಾಡುವವರು ಸಹಜವಾಗಿ ಪುಡಿಯನ್ನೂ ಉಪ್ಪನ್ನೂ ಇನ್ನಷ್ಟು ಸುರಿಯುತ್ತಾರೆ.

ಖಾರದ ವಿಷಯದಲ್ಲಿ ಒಂದು ಮಾತು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರೊಡನೆ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಸುಮಾರು 1508ರಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡದಲ್ಲಿ ರಚಿಸಿದ ಕಾಲಕ್ಕೆ ಖಾರದ ಸ್ಥಾನದಲ್ಲಿದ್ದುದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದು ಕರೆದರು. ಆದ್ದರಿಂದ ಜಠರದ ಉರಿಯುಳ್ಳವರಿಗಾಗಿ ಸಾರಿನ ಪುಡಿಯಲ್ಲಿ ಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿದರೆ ಸಂಪ್ರದಾಯಕ್ಕೆ ಯಾವ ಭಂಗವೂ ಬಾರದು.

ಕಲಬೆರಕೆಯ ಲೆಕ್ಕ

ಕಲಬೆರಕೆಯನ್ನು ತಡೆಯಲು 1954ರಲ್ಲಿ ಆಹಾರ ಕಲಬೆರಕೆ ನಿರೋಧ ಶಾಸನವೂ, ಅದರ ಸ್ಥಾನದಲ್ಲಿ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಶಾಸನವೂ ಬಂದವು. ಶಾಸನಗಳಿದ್ದೂ ಪುಡಿಯ ವ್ಯಾಪಾರದಲ್ಲಿ ಮೋಸಕ್ಕೆ ಅವಕಾಶ ಹೆಚ್ಚು. ಏಕೆಂದರೆ ಪುಡಿಗೆ ಆಕಾರವಿಲ್ಲ. 2024ರ ಮೇ ತಿಂಗಳಲ್ಲಿ ಈಶಾನ್ಯ ದೆಹಲಿಯ ಕರಾವಲ್ ನಗರದಲ್ಲಿ ಪೋಲೀಸರು ಸುಮಾರು 15 ಟನ್ನುಗಳಷ್ಟು ನಕಲಿ ಸಾಂಬಾರ ಪುಡಿಯನ್ನೂ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ವಶಪಡಿಸಿಕೊಂಡರು. ಆ ಸಾಮಗ್ರಿಯಲ್ಲಿ ಮರದ ಹೊಟ್ಟು, ಕೆಟ್ಟ ಅಕ್ಕಿ ಮುಂತಾದುವು ಇದ್ದವು. ಇಡೀ ಕಾಳಿನಲ್ಲೂ ಮೋಸ ನಡೆಯುವುದುಂಟು. 2019ರ ನವೆಂಬರ್‌ನಲ್ಲಿ ದೆಹಲಿಯ ಬವಾನಾದಲ್ಲಿ ಪತ್ತೆಯಾದ ಕಾರ್ಖಾನೆಯೊಂದರಲ್ಲಿ ಪೊರಕೆ ಹುಲ್ಲು, ಬೆಲ್ಲದ ಪಾಕ ಮತ್ತು ಕಲ್ಲಿನ ಪುಡಿಯಿಂದ ಜೀರಿಗೆಯನ್ನೇ ತಯಾರಿಸಲಾಗುತ್ತಿತ್ತು! ಆದರೂ ಇಂತಹ ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದರೆ, ನೀರಿನಲ್ಲಿ ನೆನೆಹಾಕಿದರೆ, ಕಡೆಗೆ ಮೂಸಿದರೆ ಗುಟ್ಟು ಬಯಲಾಗುತ್ತದೆ. ಪುಡಿಯಾದ ಮೇಲೆ ಅದನ್ನು ಹಿಡಿಯಲು ಪ್ರಯೋಗಶಾಲೆಯೇ ಬೇಕು.

ಕಲಬೆರಕೆಯ ಪರಿಣಾಮವನ್ನು ದೆಹಲಿಯ ಜನ ಕಣ್ಣಾರೆ ಕಂಡದ್ದು 1998ರ ಆಗಸ್ಟ್‌ನಲ್ಲಿ. ದತ್ತೂರಿಗಿಡವೆಂದೂ ಕರೆಯುವ ಆರ್ಜಿಮೋನ್ ಗಿಡದ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು, ಕಾಲು ಬಾತು ಹೃದಯ ಸೋಲುವ ‘ಡ್ರಾಪ್ಸಿ’ ರೋಗ ಹರಡಿ 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಈ ಬೀಜ ನೋಡಲು ಸಾಸಿವೆಯಂತೆಯೇ ಇದ್ದರೂ ಅದರ ಮೈ ಒರಟು. ಸಾಸಿವೆಯ ಮೈ ನುಣುಪು. ಒಗ್ಗರಣೆಯ ಸಾಸಿವೆಯನ್ನು ತಟ್ಟೆಯಲ್ಲಿ ಹರಡಿ ಒಮ್ಮೆ ಆರಿಸುವ ಹಳೆಯ ಅಭ್ಯಾಸವನ್ನು ಬಿಡಬಾರದು.

ಬಣ್ಣದ ಮಾತು ಇನ್ನೂ ಗಂಭೀರವಾದುದು. ಬಟ್ಟೆ, ಮೇಣ, ಪಾಲಿಷುಗಳಿಗೆ ಬಳಸುವ ‘ಸುಡಾನ್’ ಎಂಬ ಕೆಂಪು ಬಣ್ಣವು ಪ್ರಾಣಿಗಳಲ್ಲಿ ಗಂಟುರೋಗವನ್ನುಂಟುಮಾಡಿದುದರಿಂದ ಆಹಾರದಲ್ಲಿ ನಿಷಿದ್ಧವಾಗಿದೆ. 2003ರಲ್ಲಿ ಫ್ರಾನ್ಸಿನಲ್ಲಿ ಭಾರತ ಮೂಲದ ಖಾರದ ಪದಾರ್ಥದಲ್ಲಿ ಇದು ಕಂಡುಬಂದಿತು. 2005ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಇದೇ ಬಣ್ಣದ ಖಾರದ ಪುಡಿ ಸೇರಿದ್ದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಅರಿಶಿನಕ್ಕೆ ಹೊಳಪು ಕೊಡಲು ಹಚ್ಚುವ ಲೆಡ್ ಕ್ರೋಮೇಟ್ ಇನ್ನೂ ಅಪಾಯಕಾರಿ. ಇದರಲ್ಲಿರುವ ಸೀಸವು ಮಕ್ಕಳ ಮಿದುಳಿಗೆ ಹಾನಿಕರ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತು. ಸರ್ಕಾರ ಕಟ್ಟುನಿಟ್ಟಿನ ಕ್ರಮ ಕೈಗೊಂಡ ಮೇಲೆ 2021ರಲ್ಲಿ ಅದು ಸೊನ್ನೆಗಿಳಿಯಿತು. ಆಡಳಿತ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಡ.

ಹಾಗೆಂದು ಮನೆಯ ಪುಡಿ ಸರ್ವದೋಷಮುಕ್ತವೆಂದು ಭಾವಿಸುವುದೂ ತಪ್ಪು. ಕೀಟನಾಶಕದ ಶೇಷವು ಇಡೀ ಕಾಯಿಯಲ್ಲೂ ಇರಬಹುದು. ತೇವದಲ್ಲಿ ಒಣಗಿಸಿದ ಮೆಣಸಿನಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಈ ವಿಷ ಯಕೃತ್ತಿಗೆ ಮಾರಕ, ಮತ್ತು ಬಾಣಲೆಯಲ್ಲಿ ಹುರಿಯುವುದರಿಂದ ನಾಶವಾಗುವುದಿಲ್ಲ. ಕಾಳುಮೆಣಸಿಗೆ ಖನಿಜ ತೈಲ ಬಳಿದು ಮಿರುಗಿಸುವುದುಂಟು. 2012ರ ಡಿಸೆಂಬರ್‌ನಲ್ಲಿ ಕೊಚ್ಚಿಯ ಉಗ್ರಾಣಗಳಲ್ಲಿ, ವಾಯಿದೆ ಪೇಟೆಯ ಲೆಕ್ಕದಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಇದೇ ಕಾರಣದಿಂದ ಮುದ್ರೆ ಬಿದ್ದಿತು. ಮನೆಯಲ್ಲಿ ಮಾಡುವುದರಿಂದ ದೊರೆಯುವುದು ಪೂರ್ಣ ರಕ್ಷಣೆಯಲ್ಲ, ಕಣ್ಣಿಗೂ ಮೂಗಿಗೂ ಕೆಲಸ ಕೊಡುವ ಅವಕಾಶ.

ಉಪ್ಪಿನ ಪ್ರಶ್ನೆ

ಕಲಬೆರಕೆಗೆ ಹೆದರುವವರು ಸಹ ಗಮನಿಸದೆ ಹೋಗುವ ವಸ್ತು ಉಪ್ಪು. ಅದು ಕಲಬೆರಕೆಯಲ್ಲ, ಶಾಸನಬದ್ಧವಾಗಿ, ಪೊಟ್ಟಣದ ಮೇಲೆ ಅಚ್ಚು ಹಾಕಿಸಿಕೊಂಡೇ ಒಳಗೆ ಬರುತ್ತದೆ. ಸಾಂಬಾರ ಪದಾರ್ಥಗಳಿಗಿಂತ ಉಪ್ಪು ಬಹಳ ಅಗ್ಗವಾದುದರಿಂದ ತೂಕಕ್ಕೆ ಉಪ್ಪು ಸೇರಿಸಿದಷ್ಟೂ ಮಾರುವವರಿಗೆ ಲಾಭ. ಕೊಳ್ಳುವವರು ಉಪ್ಪನ್ನು ಮೆಣಸಿನ ದರದಲ್ಲಿ ಕೊಳ್ಳುತ್ತಾರೆ!

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದ ಲೂಸಿಯಾನಾ ಪ್ರಾಂತದಲ್ಲಿ ‘ಕ್ರಿಯೋಲ್’ ಎಂಬ ಮಿಶ್ರ ಜನಾಂಗದವರ ಅಡಿಗೆ ಪ್ರಸಿದ್ಧ. ಅವರ ಅಡಿಗೆಯ ಪುಡಿಯಲ್ಲಿ ಒಣಮೆಣಸಿನಕಾಯಿ, ಕಾಳುಮೆಣಸು, ಬೆಳ್ಳುಳ್ಳಿ, ಈರುಳ್ಳಿ ಮತ್ತು ಓಮದ ವಾಸನೆಯನ್ನು ನೆನಪಿಸುವ ಕೆಲವು ಒಣ ಎಲೆಗಳು ಸೇರುತ್ತವೆ. ಅಂಗಡಿಯಲ್ಲಿ ಡಬ್ಬಿಗಟ್ಟಿ ಮಾರುವ ಆ ಪುಡಿಯಲ್ಲಿ ಸಾಮಾನ್ಯವಾಗಿ ಪಟ್ಟಿಯ ಮೊದಲ ಹೆಸರೇ ಉಪ್ಪು. ಅಲ್ಲಿಯ ವೈದ್ಯರು ರಕ್ತದೊತ್ತಡವುಳ್ಳವರಿಗೆ ಹೇಳುವುದೂ ಇದೇ: ಪುಡಿಯನ್ನು ಉಪ್ಪಿಲ್ಲದೆ ಮನೆಯಲ್ಲಿ ಮಾಡಿಕೊಳ್ಳಿ, ಉಪ್ಪನ್ನು ಬೇರೆಯಾಗಿ ಅಳೆದು ಹಾಕಿಕೊಳ್ಳಿ. ನಮ್ಮ ಉತ್ತರ ಕರ್ನಾಟಕದ ಮಸಾಲೆ ಖಾರವು ಈ ಪುಡಿಯ ದೂರದ ಬಂಧುವೆನ್ನಬಹುದು. ಬೆಳ್ಳುಳ್ಳಿ, ಈರುಳ್ಳಿ, ಒಣಕೊಬ್ಬರಿ ಸೇರುವ ಅದು ವರ್ಷವಿಡೀ ಕೆಡದಿರಲೆಂದು ಉಪ್ಪನ್ನೂ ಎಣ್ಣೆಯನ್ನೂ ಸೇರಿಸಿ ಕುಟ್ಟುವುದು ವಾಡಿಕೆ. ಅಂತಹ ಖಾರವನ್ನು ಊರಿನಿಂದ ತರಿಸುವವರು ಪಲ್ಯಕ್ಕೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನವೊಂದಕ್ಕೆ ಸೇವಿಸಬೇಕಾದ ಉಪ್ಪು 5 ಗ್ರಾಂಗಿಂತ ಕಡಮೆ, ಅಂದರೆ ಒಂದು ಸಣ್ಣ ಚಮಚದೊಳಗೆ. ಭಾರತದಲ್ಲಿ ನಡೆದ ಅಧ್ಯಯನಗಳು ನಮ್ಮ ಸೇವನೆ 8ರಿಂದ 11 ಗ್ರಾಂವರೆಗೆ ಇದೆಯೆಂದು ತೋರಿಸಿವೆ. ಪ್ರಯೋಗಶಾಲೆಯ ನೆರವಿಲ್ಲದೆ ಪ್ರತಿ ಮನೆಯೂ ಈ ಲೆಕ್ಕವನ್ನು ತಾನೇ ಪರಿಶೀಲಿಸಬಹುದು. ನಾಲ್ಕು ಮಂದಿಯ ಸಂಸಾರಕ್ಕೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ ಉಪ್ಪು ಸಾಕು. 1 ಕಿಲೋ ಪೊಟ್ಟಣವು ತಿಂಗಳೊಳಗೆ ಮುಗಿಯುವ ಮನೆಯಲ್ಲಿ ತಲೆಗೆ 8 ಗ್ರಾಂಗಿಂತ ಹೆಚ್ಚು ಖರ್ಚಾಗುತ್ತಿದೆ. ತರಕಾರಿ ತೊಳೆದ, ಬಸಿದ ನೀರಿನಲ್ಲಿ ಸ್ವಲ್ಪ ಹೋಗುವುದೆಂದು ವಾದಿಸಬಹುದು. ಆದರೆ ಉಪ್ಪಿನಕಾಯಿ, ಹಪ್ಪಳ, ಬ್ರೆಡ್ಡು ಮತ್ತು ದೆಹಲಿಯಲ್ಲಿ ಸಂಜೆಯ ಚಹಾದ ಸಂಗಾತಿಯಾಗಿರುವ ಭುಜಿಯಾ, ಮಠ್ಠಿಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ.

ಪೊಟ್ಟಣಗಳ ಮೇಲೆ ಉಪ್ಪಿನ ಬದಲು ‘ಸೋಡಿಯಂ’ ಎಂದು ಮಿಲಿಗ್ರಾಂಗಳಲ್ಲಿ ಮುದ್ರಿಸಿರುತ್ತಾರೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು. ಸಾಮಗ್ರಿಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಬಿಸಿನೀರಿಗೆ ಹಾಕಿದೊಡನೆ ಸಿದ್ಧವಾಗುವ ಸಾರಿನ ಮಿಶ್ರಣದ ಪಟ್ಟಿಯಲ್ಲಿ ಉಪ್ಪು ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿದರೆ ಸಾಕು, ಉಳಿದುದು ತಾನಾಗಿ ತಿಳಿಯುತ್ತದೆ.

ನಾಲ್ವರಿಗೆ ಒಂದು ಲೀಟರ್ ಸಾರಿಗೆ 10 ಗ್ರಾಂ ಉಪ್ಪು ಹಾಕುವುದು ಸಾಮಾನ್ಯ. ಅಷ್ಟನ್ನೂ ಉಂಡರೆ ಪ್ರತಿಯೊಬ್ಬರಿಗೂ 2.5 ಗ್ರಾಂ, ದಿನದ ಪಾಲಿನ ಅರ್ಧ ಸಾರೊಂದರಲ್ಲೇ ತೀರಿತು. ಪುಡಿ ಹೊಸದಾಗಿದ್ದು, ಹುಣಸೆ, ಟೊಮೇಟೊ ಅಥವಾ ನಿಂಬೆಯ ಹುಳಿ ಸರಿಯಾಗಿದ್ದರೆ 7 ಗ್ರಾಂ ಉಪ್ಪಿನಲ್ಲಿ ಸಾರು ಸಪ್ಪೆಯೆನಿಸುವುದಿಲ್ಲ. ಒಮ್ಮೆಗೇ ಇಳಿಸದೆ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಪೊಟಾಸಿಯಂ ಬೆರೆಸಿದ ಕಡಮೆ ಸೋಡಿಯಂನ ಉಪ್ಪು ಮಾರುಕಟ್ಟೆಯಲ್ಲಿದೆ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಎಲ್ಲಿ ಕೊಳ್ಳುವುದು, ಏನನ್ನು ನೋಡುವುದು

ಫತೇಪುರಿ ಮಸೀದಿಯ ಪಕ್ಕದ ಖಾರಿ ಬಾವಲಿ ದೇಶದ ಅತಿ ದೊಡ್ಡ ಸಾಂಬಾರ ಪೇಟೆ. ‘ಖಾರಿ’ ಎಂದರೆ ಇಲ್ಲಿ ಕನ್ನಡದ ಖಾರವಲ್ಲ, ಉಪ್ಪುನೀರು. ಹದಿನಾರನೆಯ ಶತಮಾನದಲ್ಲಿ ಸೂರ ವಂಶದ ಆಳ್ವಿಕೆಯಲ್ಲಿ ಕಟ್ಟಿದ ಉಪ್ಪುನೀರಿನ ಮೆಟ್ಟಿಲು ಬಾವಿಯಿಂದ ಬಂದ ಹೆಸರು. ಬಾವಿ ಈಗ ಇಲ್ಲ, ಕೆಮ್ಮು ಮಾತ್ರ ಇದೆ. ಅಷ್ಟು ದೂರ ಹೋಗಲಾಗದವರಿಗೆ ಐ.ಎನ್.ಎ. ಮಾರುಕಟ್ಟೆ, ಮುನಿರ್ಕಾ, ಮಯೂರ್ ವಿಹಾರಗಳ ದಕ್ಷಿಣ ಭಾರತೀಯ ಅಂಗಡಿಗಳಿವೆ. ನೋಯ್ಡಾ, ಗುರುಗ್ರಾಮಗಳಲ್ಲಿಯೂ ಈಗ ಕೊರತೆಯಿಲ್ಲ.

ವಿಚಿತ್ರವೆಂದರೆ ಸಾರಿನ ಪುಡಿಯ ಹೆಚ್ಚಿನ ಭಾಗ ಬೆಂಗಳೂರಿಗಿಂತ ದೆಹಲಿಗೇ ಹತ್ತಿರ ಬೆಳೆಯುತ್ತದೆ. ಕೊತ್ತಂಬರಿ ಬೀಜಕ್ಕೆ ಪ್ರಸಿದ್ಧವಾದ ರಾಮಗಂಜ್ ಮಂಡಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿದೆ. ಜೀರಿಗೆ ರಾಜಸ್ಥಾನ, ಗುಜರಾತುಗಳ ಬೆಳೆ. ಅದರ ದೊಡ್ಡ ಪೇಟೆ ಉಂಝಾ. ಮೆಂತ್ಯವೂ ರಾಜಸ್ಥಾನದ್ದೇ. ಇಂಗು ಆಫ್ಘಾನಿಸ್ತಾನ, ಇರಾನ್ ಕಡೆಗಳಿಂದ ಬಂದು ಇಲ್ಲಿಗೆ ಸಮೀಪದ ಹಾಥರಸಿನಲ್ಲಿ ಸಂಸ್ಕಾರಗೊಳ್ಳುತ್ತದೆ. ದಕ್ಷಿಣದಿಂದ ಬರಬೇಕಾದುದು ಕೊಡಗು, ಚಿಕ್ಕಮಗಳೂರು, ಹಾಸನಗಳ ಮೆಣಸು ಮತ್ತು ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಮೆ, ಮೈಯೆಲ್ಲ ಸುಕ್ಕು. ‘ಕಾಶ್ಮೀರಿ ಮಿರ್ಚ್’ ಎಂಬ ಹೆಸರಿನಲ್ಲಿ ಉತ್ತರದಲ್ಲಿ ಮಾರುವುದು ಅನೇಕ ವೇಳೆ ಇದೇ ಬ್ಯಾಡಗಿ. ಹೊಸ ಬೆಳೆಯ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ ಮೂರೂ ಪೇಟೆಗೆ ಬಂದಿರುವ ತಿಂಗಳು ಮಾರ್ಚ್. ದೆಹಲಿಯಲ್ಲಿ ಆಗ ಒಣ ಬಿಸಿಲೂ ಇರುತ್ತದೆ. ವರ್ಷದ ಕಾಳನ್ನು ಆಗ ಕೊಂಡು, ಪುಡಿಯನ್ನು ಎರಡು ತಿಂಗಳಿಗೊಮ್ಮೆ ಮಾಡುವುದು ಉಚಿತ.

ಮೆಣಸಿನಕಾಯಿಯನ್ನು ಮುರಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ತೂಕಕ್ಕಾಗಿ ನೀರು ಚಿಮುಕಿಸಿದ್ದಾರೆಂದೇ ಅರ್ಥ. ಒಳಗೆ ಬೂದು ಅಥವಾ ಕಪ್ಪು ಬೂಷ್ಟಿದ್ದರೆ ಆ ಕಾಯಿಯನ್ನು ಎಸೆಯಬೇಕು. ಕೆಟ್ಟ ಭಾಗವನ್ನು ಕಿತ್ತು ಉಳಿದುದನ್ನು ಬಳಸುವ ಮಿತವ್ಯಯ ಇಲ್ಲಿ ಬೇಡ. ಅತಿಯಾಗಿ ಮಿರುಗುವ ಮೆಣಸನ್ನು ಬಿಳಿ ಕಾಗದದ ಮೇಲೆ ಉಜ್ಜಿದಾಗ ಎಣ್ಣೆಯ ಕಲೆ ಬಿದ್ದರೆ ಅಂತಹುದನ್ನು ಕೊಳ್ಳಬಾರದು. ಮೆಣಸಿನಲ್ಲಿ ಬೆರೆಸುವ ಪರಂಗಿ ಬೀಜ ನೀರಿನಲ್ಲಿ ತೇಲುತ್ತದೆ, ಬಲಿತ ಮೆಣಸು ಮುಳುಗುತ್ತದೆ. ಅರಿಶಿನದ ಕೊಂಬು ಮಂಕಾಗಿ, ಒರಟಾಗಿರುವುದೇ ಮೇಲು. ಚಿನ್ನದಂತೆ ಹೊಳೆಯುವ ಕೊಂಬನ್ನು ಪೂಜೆಗೂ ಅಡಿಗೆಗೂ ದೂರವಿಡುವುದು ಕ್ಷೇಮ. ಕೊಂಬನ್ನು ಕುಟ್ಟಲಾಗದವರು ಅಗ್‌ಮಾರ್ಕ್ ಮುದ್ರೆಯ ಪುಡಿಯನ್ನು ಸಣ್ಣ ಪೊಟ್ಟಣದಲ್ಲಿ ಕೊಳ್ಳಬಹುದು. ಪುಡಿ ಇಂಗಿನಲ್ಲಿ ಗೋಧಿಹಿಟ್ಟು, ಗೋಂದು ಬೆರೆತಿರುತ್ತವೆ. ಗೋಧಿ ಒಗ್ಗದವರು ಪಟ್ಟಿಯನ್ನು ಓದಬೇಕು.

ಹೆಸರಿನ ಗೊಂದಲವೂ ಉಂಟು. ಸಾಸಿವೆ ಬೇಕಾದಾಗ ‘ರಾಯಿ’ ಎಂದು ಕೇಳಬೇಕು. ‘ಸರಸೋಂ’ ಎಂದರೆ ದಪ್ಪನೆಯ, ಎಣ್ಣೆಗೆ ಬಳಸುವ ಸಾಸಿವೆ ಬರುತ್ತದೆ. ‘ಶಾಹಿ ಜೀರಾ’ ನಮ್ಮ ಜೀರಿಗೆಯಲ್ಲ. ಮೆಣಸಿಗೆ ‘ಕಾಲಿ ಮಿರ್ಚ್’, ಮೆಂತ್ಯಕ್ಕೆ ‘ಮೇಥಿ ದಾನಾ’ ಎನ್ನದಿದ್ದರೆ ಸೊಪ್ಪಿನ ಕಟ್ಟು ಕೈಗೆ ಬಂದೀತು.

ತಯಾರಿಕೆ

ಸಾರಿನ ಪುಡಿಯ ಪಾಕ ಮನೆಮನೆಗೂ ಬೇರೆ. ಮೈಸೂರಿನವರು ಜೀರಿಗೆ-ಮೆಣಸಿಗೆ ಪ್ರಾಧಾನ್ಯ ಕೊಟ್ಟರೆ, ಉಡುಪಿಯ ಕಡೆಯವರು ತೆಂಗಿನೆಣ್ಣೆಯಲ್ಲಿ ಹುರಿಯುತ್ತಾರೆ. ಕೆಳಗಿನದು ನಾಲ್ವರ ಸಂಸಾರಕ್ಕೆ ಒಂದು ಮಧ್ಯಮ ಮಾರ್ಗ: ಕೊತ್ತಂಬರಿ ಬೀಜ 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 150 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 30 ಗ್ರಾಂ, ಮೆಂತ್ಯ 20 ಗ್ರಾಂ, ಸಾಸಿವೆ 15 ಗ್ರಾಂ, ಇಂಗು 5 ಗ್ರಾಂ, ಅರಿಶಿನ 5 ಗ್ರಾಂ, ಎರಡು ಹಿಡಿ ಒಣಗಿದ ಕರಿಬೇವು. ಒಟ್ಟು 525 ಗ್ರಾಂನಲ್ಲಿ ತೊಟ್ಟು, ಕಸ, ತೇವ ಹೋಗಿ ಸುಮಾರು 480 ಗ್ರಾಂ ಉಳಿಯುತ್ತದೆ. ದಿನಕ್ಕೆ 8 ಗ್ರಾಂ, ಅಂದರೆ ಎರಡು ತುಂಬಿದ ಸಣ್ಣ ಚಮಚದಂತೆ, 60 ದಿನಗಳಿಗೆ ಸರಿಯಾಗುತ್ತದೆ.

ಕರಿಬೇವಿನ ಗಿಡವು ಸರ್ಕಾರಿ ಕ್ವಾರ್ಟರ್ಸುಗಳ ಅಂಗಳಗಳಲ್ಲಿ ಹೇರಳವಾಗಿದ್ದರೂ ಡಿಸೆಂಬರ್-ಜನವರಿಯ ಚಳಿಗೆ ಎಲೆ ಹಳದಿಯಾಗಿ ಉದುರುತ್ತದೆ. ಅಕ್ಟೋಬರ್‌ನಲ್ಲಿಯೇ ಎಲೆ ಬಿಡಿಸಿ ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬೇಕು.

ಮುಖ್ಯ ನಿಯಮವೊಂದೇ: ಪ್ರತಿಯೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ದಪ್ಪ ಕಾಳು ಹಸಿಯಾಗಿರುವಾಗಲೇ ಸಣ್ಣ ಕಾಳು ಸೀದುಹೋಗುತ್ತದೆ. ಕೊತ್ತಂಬರಿ ಬೀಜ ಘಮ್ಮೆಂದು ಕೈಗೆ ಹಗುರವಾದರೆ ಸಾಕು. ಮೆಂತ್ಯ ಹೊಂಬಣ್ಣ ದಾಟಿ ಒಂದು ಕ್ಷಣ ಹೆಚ್ಚಾದರೂ ಇಡೀ ಪುಡಿ ಕಹಿ. ಸಾಸಿವೆ ಚಟಪಟ ಎನ್ನುವವರೆಗೆ, ಜೀರಿಗೆ ಬಣ್ಣ ತಿರುಗುವವರೆಗೆ, ಮೆಣಸು ಬಿಸಿಯಾಗಿ ಉಬ್ಬುವವರೆಗೆ. ಮೆಣಸಿನಕಾಯಿಯನ್ನು ತೊಟ್ಟು ತೆಗೆದು ಬಿಸಿಲಿನಲ್ಲಿ ಗರಿಗರಿಯಾಗಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು, ಕಪ್ಪಾಗಬಾರದು. ಅರಿಶಿನವನ್ನು ಕಡೆಯಲ್ಲಿ, ಉರಿ ಆರಿಸಿದ ಮೇಲೆ ಸೇರಿಸಬೇಕು. ಪುಡಿಯನ್ನು ಇಡಬೇಕಾದುದರಿಂದ ಎಣ್ಣೆ ಹಾಕದಿರುವುದು ಉತ್ತಮ. ದೆಹಲಿಯ ಬೇಸಗೆಯಲ್ಲಿ ಎಣ್ಣೆ ಬೇಗನೆ ಹಳಸಲು ವಾಸನೆ ಹಿಡಿಯುತ್ತದೆ. ಒಣಕೊಬ್ಬರಿಗೂ ಇದೇ ಮಾತು. ಬೇಕಾದಾಗ ಆಗಿಂದಾಗ್ಗೆ ಹುರಿದು ಸೇರಿಸಿಕೊಳ್ಳಬಹುದು.

ಊರಿನ ತೊಟ್ಟಿಯ ಮನೆಯಲ್ಲಿ ಮೆಣಸಿನಕಾಯಿಯ ಘಾಟು ಆಕಾಶಕ್ಕೆ ಹೋಗುತ್ತಿತ್ತು. ಫ್ಲಾಟಿನಲ್ಲಿ ಅದು ಮಲಗುವ ಕೋಣೆಗೆ ಹೋಗುತ್ತದೆ. ಮಕ್ಕಳು ಮತ್ತು ಆಸ್ತಮಾ ಇರುವವರು ಮನೆಯಲ್ಲಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ಹೊಗೆ ಮಂಜಿನಿಂದ ಕಿಟಕಿ ತೆರೆಯಲಾಗದ ನವೆಂಬರ್ ತಿಂಗಳಲ್ಲಿ ಈ ಕೆಲಸವನ್ನು ಮಾಡಲೇಬಾರದು. ಆ ಸರದಿಯ ಪುಡಿಯನ್ನು ಅಕ್ಟೋಬರ್‌ನಲ್ಲೇ ಮಾಡಿಟ್ಟುಕೊಳ್ಳಬೇಕು.

ಹುರಿದುದು ಪೂರ್ತಿ ತಣ್ಣಗಾದ ಮೇಲೆ ಮಿಕ್ಸಿಗೆ ಹಾಕಬೇಕು. ಒಂದೇ ಸಮನೆ ಓಡಿಸಿದರೆ ಪಾತ್ರೆ ಬಿಸಿಯಾಗಿ ಪರಿಮಳದ ತೈಲ ಹಾರುತ್ತದೆ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸುವುದು ಸರಿಯಾದ ಕ್ರಮ. ಚಕ್ಕಿಗೆ ಕೊಡುವವರು ತಮಗಿಂತ ಮೊದಲು ಅಲ್ಲಿ ಏನನ್ನು ಬೀಸಿದರೆಂದು ಕೇಳುವುದು ಮೇಲು. ಅರ್ಧ ಕಿಲೋ ಪುಡಿಯಲ್ಲಿ ಹಿಂದಿನವರ ಪಾಲು ಗಣನೀಯವಾಗಿರುತ್ತದೆ. ಪುಡಿಯನ್ನು ಜರಡಿಯಾಡಿ, ಕಾಗದದ ಮೇಲೆ ಹರಡಿ, ಬೆಚ್ಚಗಿರುವುದು ಆರಿದ ಮೇಲೆಯೇ ತುಂಬಬೇಕು. ಬಿಸಿಯಾಗಿ ತುಂಬಿದರೆ ಆವಿ ಒಳಗೇ ನೀರಾಗಿ ಗಂಟು ಕಟ್ಟುತ್ತದೆ.

ರಕ್ಷಣೆ ಮತ್ತು ಬಳಕೆ

ಒಂದೇ ದೊಡ್ಡ ಡಬ್ಬಿಯ ಬದಲು ಬಿಗಿಯಾದ ಮುಚ್ಚಳವುಳ್ಳ ನಾಲ್ಕು ಗಾಜಿನ ಬಾಟಲಿಗಳಲ್ಲಿ ತುಂಬಿ, ತಾರೀಖು ಬರೆದ ಚೀಟಿ ಅಂಟಿಸಿ, ಒಂದನ್ನು ಮಾತ್ರ ಬಳಕೆಗೆ ತೆಗೆದುಕೊಳ್ಳಬೇಕು. ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರವಾದರೂ ಶಾಖ-ಆವಿಗಳ ದೃಷ್ಟಿಯಿಂದ ಅತ್ಯಂತ ಕೆಟ್ಟ ಸ್ಥಳ. ಕುದಿಯುವ ಪಾತ್ರೆಯ ಮೇಲೆ ಬಾಟಲಿಯನ್ನೇ ಬಗ್ಗಿಸಿ ಪುಡಿ ಸುರಿಯುವ ಅಭ್ಯಾಸದಿಂದ ಹಾಳಾದ ಪುಡಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ಬಾಟಲಿಯನ್ನು ರೆಫ್ರಿಜರೇಟರಿನಲ್ಲಿಟ್ಟವರು, ಹೊರಗೆ ತೆಗೆದು ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಮುಚ್ಚಳ ತೆರೆಯಬೇಕು. ಹುಳು ಬಿದ್ದ, ಮುಗ್ಗಲು ವಾಸನೆ ಬಂದ ಪುಡಿಯನ್ನು ಬಿಸಿಲಿಗಿಟ್ಟು ಮತ್ತೆ ಬಳಸಬಾರದು.

ಪುಡಿಯಲ್ಲಿರುವ ಮೆಂತ್ಯದಿಂದ ಮಧುಮೇಹ ಶಮನವಾಗುವುದೆಂಬ ನಂಬಿಕೆ ಹಲವರಲ್ಲಿದೆ. ಮೇಲಿನ ಪ್ರಮಾಣದಲ್ಲಿ ನಾಲ್ವರ ಒಂದು ದಿನದ ಸಾರಿನಲ್ಲಿ ಮೆಂತ್ಯ ಇರುವುದು 0.3 ಗ್ರಾಂ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪ್ರಯೋಗಗಳಲ್ಲಿ ಒಬ್ಬ ರೋಗಿಗೆ ದಿನಕ್ಕೆ 25 ಗ್ರಾಂ ಅಥವಾ ಅದಕ್ಕೂ ಹೆಚ್ಚು ಮೆಂತ್ಯ ಕೊಡಲಾಗಿತ್ತು. ಸಾರು ಆಹಾರ, ಔಷಧವಲ್ಲ. ನೆಗಡಿಯಲ್ಲಿ ಬಿಸಿ ಮೆಣಸಿನ ಸಾರು ಹಿತವೆನಿಸುವುದು ನಿಜ. ಮೂರು ದಿನ ಬಿಡದ ಜ್ವರಕ್ಕೆ ಅದನ್ನೇ ನೆಚ್ಚಿ ಕುಳಿತುಕೊಳ್ಳುವುದು ವಿವೇಕವಲ್ಲ.

ಪುಡಿಯನ್ನು ಮೊದಲೇ ಹಾಕಿ ಬಹಳ ಹೊತ್ತು ಕುದಿಸಿದರೆ ಪರಿಮಳವೆಲ್ಲ ಆವಿಯಾಗುತ್ತದೆ. ಹುಣಸೆ ರಸದ ಹಸಿವಾಸನೆ ಹೋದ ಮೇಲೆ ಮುಕ್ಕಾಲು ಭಾಗ ಪುಡಿ ಹಾಕಿ, ಬೇಳೆಕಟ್ಟು ಸೇರಿಸಿ ಐದು ನಿಮಿಷ ಕುದಿಸಿ, ಉಳಿದ ಕಾಲು ಭಾಗವನ್ನು ಇಳಿಸುವಾಗ ಹಾಕಬೇಕು. ಉಪ್ಪನ್ನು ಎಲ್ಲಕ್ಕಿಂತ ಕೊನೆಗೆ, ರುಚಿ ನೋಡಿ. ಈ ಪುಡಿ ಸಾರಿಗೆ ಮಾತ್ರ ಮೀಸಲಲ್ಲ. ಚಳಿಗಾಲದಲ್ಲಿ ದೆಹಲಿಯ ಸಂತೆಗಳಲ್ಲಿ ಬರುವ ಹೂಕೋಸು, ಮೂಲಂಗಿ, ಬಥುವಾ ಸೊಪ್ಪುಗಳ ಪಲ್ಯಕ್ಕೂ, ಬೇಸಗೆಯ ಸೋರೆಕಾಯಿಗೂ ಅರ್ಧ ಚಮಚ ಪುಡಿ ಮತ್ತು ನಾಲ್ಕು ತೊಟ್ಟು ನಿಂಬೆರಸ ಸೇರಿದರೆ ಉಪ್ಪು ಅರ್ಧದಷ್ಟಿದ್ದರೂ ಸಾಕಾಗುತ್ತದೆ. ಮಕ್ಕಳ ಪರಾಟೆಯ ಆಲೂಗಡ್ಡೆಯ ಹೂರಣದಲ್ಲಿ ಗರಂ ಮಸಾಲೆಯ ಬದಲು ಇದನ್ನು ಬೆರೆಸುವ ಮನೆಗಳೂ ಉಂಟು. ಆ ಪರಾಟೆಗೆ ಉಪ್ಪಿನಕಾಯಿಯ ಅಗತ್ಯ ಬೀಳುವುದಿಲ್ಲ, ಮೊಸರೊಂದಿದ್ದರೆ ಸಾಕು.